ತಿಮ್ಮಮ್ಮನವರಿಗೆ ಬರೆದ ಸನ್ಮಾನ ಪತ್ರ

ನಮ್ಮ ಸುತ್ತಿನ ಹತ್ತು ಊರುಗಳಲ್ಲಿ ಯಾರಿಗೇ ಶಾಲು ಹೊದಿಸಲಿ, ಅವರ ಕೈಗೆ ಕೊಡುವ ಸನ್ಮಾನ ಪತ್ರ ಬರೆಯುವವನು ನಾನು. ಬಾಳೂರಿನ ಪೋಸ್ಟ್‌ಮಾಸ್ಟರಿಗೆ ಬರೆದಿದ್ದೇನೆ, ಕೊಟ್ಟಿಗೆಹಾರದ ಹೋಟೆಲಿನವರಿಗೆ ಬರೆದಿದ್ದೇನೆ, ಹಾಲಿನ ಡೇರಿ ಅಧ್ಯಕ್ಷರಿಗಂತೂ ಎರಡು ಸಲ ಬರೆದಿದ್ದೇನೆ. ಹೆಸರು ಹಾಲೇಶ್, ಇಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕನ್ನಡ ಮೇಷ್ಟ್ರು. ಯಾರಾದರೂ ಹೊಗಳಿದರೆ ಉಬ್ಬುತ್ತೇನೆ, ತಪ್ಪು ತೋರಿಸಿದರೆ ಉರಿದು ಬೀಳುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಹೇಳಹೊರಟಿರುವುದು ನನಗೆ ನಾಚಿಕೆ ತರುವ ವಿಷಯ, ಅದರಲ್ಲಿ ನನ್ನ ಗುಣದ ಪಾಲು ದೊಡ್ಡದು.

ತಿಮ್ಮಮ್ಮ ನಮ್ಮ ಶಾಲೆಯ ಆಯಾ. ಈ ಬರಹದಲ್ಲಿ ಅವರನ್ನು 'ಅವರು' ಎನ್ನುತ್ತಿದ್ದೇನೆ. ಶಾಲೆಯಲ್ಲಿ ಹಾಗೆ ಅಂದವನಲ್ಲ. ನನಗಿಂತ ಎಂಟು ವರ್ಷ ದೊಡ್ಡವರಾದರೂ 'ತಿಮ್ಮಮ್ಮ, ಬಾ ಇಲ್ಲಿ' ಎಂದೇ ಕರೆದದ್ದು. ಎಲ್ಲರೂ ಹಾಗೇ ಕರೆಯುತ್ತಿದ್ದರು ಎಂಬುದು ಸಮಾಧಾನ ಹೇಳಿಕೊಳ್ಳಲು ಸಾಕು, ಅಷ್ಟೆ.

ಅವರ ಗಂಡ ರಂಗನಾಥ ತೋಟದಲ್ಲಿ ಸಿಲ್ವರ್ ಮರದ ಕೊಂಬೆ ಕಡಿಯಲು ಹತ್ತಿದವರು ಜಾರಿ ಬಿದ್ದು ತೀರಿಕೊಂಡಾಗ ತಿಮ್ಮಮ್ಮನವರಿಗೆ ಇಪ್ಪತ್ತಾರು ವರ್ಷ. ಕಂಕುಳಲ್ಲಿ ಒಬ್ಬ ಮಗಳು, ಮನೆ ಹಿಂದೆ ಅರ್ಧ ಎಕರೆ ಕಾಫಿ. ರಂಗನಾಥ ಕೂಲಿಗಿದ್ದ ಆ ತೋಟದ ಯಜಮಾನರೇ ಶಾಲೆಯ ಆಡಳಿತ ಮಂಡಳಿಗೂ ಅಧ್ಯಕ್ಷರಾಗಿದ್ದರಿಂದ ಇಲ್ಲಿ ಕೆಲಸ ಕೊಡಿಸಿದರು. ಸರ್ಕಾರದ ಹುದ್ದೆಯಲ್ಲ, ಮಂಡಳಿಯವರು ಇಟ್ಟುಕೊಂಡದ್ದು. ಬೆಳಿಗ್ಗೆ ಎಂಟಕ್ಕೆ ಬಂದು ಬೀಗ ತೆಗೆಯುವುದು, ಹನ್ನೊಂದು ಕೋಣೆ ಗುಡಿಸುವುದು, ನೀರು ತುಂಬುವುದು. ಕಾಗದದಲ್ಲಿ ಇದ್ದದ್ದು ಇಷ್ಟೇ ಕೆಲಸ.

ಕಾಗದದಲ್ಲಿ ಇಲ್ಲದ ಕೆಲಸ ಜೂನ್ ತಿಂಗಳಲ್ಲಿ ಶುರುವಾಗುತ್ತಿತ್ತು. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ತೋಟದ ಒಳದಾರಿಯಲ್ಲಿ ನಡೆದು ಬರುವವರು. ಮಳೆ ಹಿಡಿದರೆ ಆ ದಾರಿಯ ತುಂಬ ಉಂಬಳ, ಪೇಟೆಯವರು ಜಿಗಣೆ ಎನ್ನುವುದು. ಶಾಲೆ ತಲುಪುವ ಹೊತ್ತಿಗೆ ಒಂದೊಂದು ಮಗುವಿನ ಕಾಲಲ್ಲಿ ನಾಲ್ಕೈದು ಉಂಬಳ ರಕ್ತ ಕುಡಿದು ದಪ್ಪಗಾಗಿರುತ್ತಿದ್ದವು. ತಿಮ್ಮಮ್ಮ ಗೇಟಿನ ಮೆಟ್ಟಿಲ ಮೇಲೆ ಮಳೆಗೆ ಎಲೆ ಹೆಣೆದ ಗೊರಬು ಹಾಕಿಕೊಂಡು ಕೂತು, ಒಂದು ಕೋಲಿನ ತುದಿಗೆ ಉಪ್ಪು, ಹೊಗೆಸೊಪ್ಪಿನ ಗಂಟು ಕಟ್ಟಿಕೊಂಡು, ಪ್ರತಿ ಮಗುವನ್ನೂ ನಿಲ್ಲಿಸಿ ನೋಡುತ್ತಿದ್ದರು. ಬೆರಳ ಸಂದಿ, ಮಂಡಿಯ ಹಿಂದೆ, ಸಾಕ್ಸಿನ ಒಳಗೆ. ಗಂಟು ಮುಟ್ಟಿಸಿದರೆ ಉಂಬಳ ಕಳಚಿ ಬೀಳುತ್ತಿತ್ತು. ಆಮೇಲೆ ರಕ್ತ ಒರೆಸಿ, ಕಾಲು ತೊಳೆಸಿ ಒಳಗೆ ಬಿಡುವುದು. ನಾವು ಮೇಷ್ಟರುಗಳು ಪ್ರಾರ್ಥನೆಗೆ ಹೊತ್ತಾಯಿತು ಎಂದು ಅವರ ಮೇಲೆ ರೇಗುತ್ತಿದ್ದೆವು. ನಾನೇ ಹೆಚ್ಚು ರೇಗಿದವನು.

ಇನ್ನೊಂದು ವಿಷಯ ನನಗೆ ಹೆಡ್‌ಮಿಸ್ ರೇವತಿ ಮೇಡಂ ಹೇಳಿದ ಮೇಲೆಯೇ ಗೊತ್ತಾದದ್ದು. ತರಗತಿಯಲ್ಲಿ ಕೂತಿದ್ದಾಗಲೇ ಮೊದಲ ಸಲ ಮುಟ್ಟಾದ ಹುಡುಗಿಯರು ಯಾವ ಟೀಚರ ಹತ್ತಿರವೂ ಹೋಗುತ್ತಿರಲಿಲ್ಲ, ತಿಮ್ಮಮ್ಮನವರ ಹತ್ತಿರ ಹೋಗುತ್ತಿದ್ದರು. ಅವರ ತಗಡಿನ ಪೆಟ್ಟಿಗೆಯಲ್ಲಿ ಒಗೆದ ಲಂಗ, ಹತ್ತಿಬಟ್ಟೆ, ಈಚೆಗೆ ಪ್ಯಾಡು ಯಾವಾಗಲೂ ಇರುತ್ತಿದ್ದವು. ಮೂವತ್ತೈದು ವರ್ಷದಲ್ಲಿ ಎಷ್ಟು ಹುಡುಗಿಯರನ್ನು ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಮನೆ ಮುಟ್ಟಿಸಿದರೋ.

ಇಂಥವರಿಗೆ ನಾವು ಏನು ಮಾಡಿದೆವು ಎಂಬುದನ್ನು ಹೇಳುತ್ತೇನೆ.

ಶಾಲೆಯ ಹಳೆಯ ಕಟ್ಟಡಕ್ಕೆ ಐವತ್ತು ವರ್ಷ ಆಗಿತ್ತು. ಹೆಂಚು ಇಳಿಸಿ, ಗೋಡೆ ರಿಪೇರಿ ಮಾಡಿಸಿ, ಹೊಸ ಶೌಚಾಲಯ, ಹೊಸ ಲ್ಯಾಬು ಕಟ್ಟಿಸುವುದೆಂದು ತೀರ್ಮಾನವಾಯಿತು. ಈಗಿನ ಅಧ್ಯಕ್ಷರು ಬೆಳ್ಳಿಯಪ್ಪನವರು, ಹಳೆಯ ಯಜಮಾನರ ಮಗ, ಇದೇ ಶಾಲೆಯಲ್ಲಿ ಓದಿದವರು. ಕೆಟ್ಟವರಲ್ಲ. ಅಚ್ಚುಕಟ್ಟು ಅಂದರೆ ಪ್ರಾಣ, ಅಷ್ಟೆ. ಫೆಬ್ರವರಿಯ ಸಭೆಯಲ್ಲಿ ಅವರು, ಕಟ್ಟಡ ಹೊಸದಾದ ಮೇಲೆ ಸ್ವಚ್ಛತೆಯೂ ಹೊಸ ರೀತಿಯದೇ ಆಗಬೇಕು, ಚಿಕ್ಕಮಗಳೂರಿನ ಒಂದು ಏಜೆನ್ಸಿಗೆ ವಹಿಸೋಣ, ಅವರ ಹೆಂಗಸರು ಯೂನಿಫಾರಂ ಹಾಕಿಕೊಂಡು ಜೂನ್‌ನಿಂದ ಬರುತ್ತಾರೆ ಎಂದರು. ಹಾಗಾದರೆ ತಿಮ್ಮಮ್ಮ ಎಂದು ಯಾರೋ ಕೇಳಿದ್ದಕ್ಕೆ ಅಧ್ಯಕ್ಷರು, ಅವಳಿಗೂ ಅರವತ್ತೊಂದಾಯಿತು, ರಜೆ ಶುರುವಾಗುವ ದಿನಕ್ಕೆ ಬಿಡುಗಡೆ ಮಾಡೋಣ, ಆದರೆ ಗೌರವವಾಗಿ ಕಳಿಸೋಣ ಎಂದರು. ಯಾರೂ ಎದುರಾಡಲಿಲ್ಲ. ಶಿಕ್ಷಕರ ಪ್ರತಿನಿಧಿಯಾಗಿ ಕೂತು ಸಭೆಯ ನಡಾವಳಿ ಬರೆದುಕೊಳ್ಳುತ್ತಿದ್ದವನು ನಾನು. 'ಆಯಾ ತಿಮ್ಮಮ್ಮ ಇವರನ್ನು ಸೇವೆಯಿಂದ ಬಿಡುಗಡೆಗೊಳಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದು ಬರೆದೆ. ಆ ಸರ್ವಾನುಮತದಲ್ಲಿ ನನ್ನ ಮತವೂ ಇತ್ತು.

ಏಪ್ರಿಲ್ ಮೊದಲ ಶನಿವಾರ ಗುದ್ದಲಿ ಪೂಜೆ, ಅದರ ಜೊತೆಗೇ ಸಿಬ್ಬಂದಿಗೆ ಸನ್ಮಾನ ಎಂದು ನಿಗದಿಯಾಯಿತು. ಈಗ ತಿಮ್ಮಮ್ಮನಿಗೆ ವಿಷಯ ತಿಳಿಸುವುದು ಯಾರು? ಮಂಡಳಿಯ ತೀರ್ಮಾನ, ಅಧ್ಯಕ್ಷರೇ ಹೇಳಲಿ ಎಂದರು ರೇವತಿ ಮೇಡಂ. ಅಧ್ಯಕ್ಷರು, 'ಮೇಷ್ಟ್ರೆ, ನೀವೇ ಹೇಳ್ಬಿಡಿ. ನಿಮಗೆ ನಯವಾಗಿ ಹೇಳಕ್ಕೆ ಬರುತ್ತೆ' ಎಂದರು. ನಾನು ಉಬ್ಬಿದೆ. ಸರಿ ಎಂದೆ.

ಪತ್ರಕ್ಕೆ ವಿವರ ಬೇಕೆಂದು ಒಂದು ಮಧ್ಯಾಹ್ನ ಅವರ ಹತ್ತಿರ ಹೋದೆ. ನೀರಿನ ತೊಟ್ಟಿ ತಿಕ್ಕುತ್ತಿದ್ದವರು ಕೈ ಒರೆಸಿಕೊಂಡು ಬಂದರು. ಶಾಲೆಗೆ ಯಾವಾಗ ಬಂದೆ, ಏನೇನು ಕೆಲಸ ಮಾಡಿದೆ ಎಂದು ಕೇಳಿದೆ. ಅವರು ನಾನು ಹೊಸ ಕಟ್ಟಡದ ವಿಷಯಕ್ಕೆ ಕೇಳುತ್ತಿದ್ದೇನೆ ಎಂದುಕೊಂಡರು. ಗೇಟಿನ ಹತ್ತಿರ ಮಾಡು ಇರುವ ಒಂದು ಪುಟ್ಟ ಜಗಲಿ ಕಟ್ಟಿಸಿದರೆ ಮಕ್ಕಳು ನೆನೆಯದೆ ಕೂತು ಉಂಬಳ ಬಿಡಿಸಿಕೊಳ್ಳಬಹುದು, ಪಕ್ಕದಲ್ಲೇ ಒಂದು ನಲ್ಲಿ ಇದ್ದರೆ ನೀರು ಹೊತ್ತು ತರುವುದು ತಪ್ಪುತ್ತದೆ ಎಂದರು. ನೆಲದ ಮೇಲೆ ಹಿಡಿಕಡ್ಡಿಯಿಂದ ಗೆರೆ ಎಳೆದೂ ತೋರಿಸಿದರು.

'ಇನ್ನೆರಡು ವರ್ಷ ಮೇಷ್ಟ್ರೆ' ಎಂದರು. 'ರಕ್ಷಾ ಎಸ್ಸೆಸ್ಸೆಲ್ಸಿ ಮುಗ್ಸೋವರ್ಗೆ ನನ್ ಕಾಲ್ ಗಟ್ಟಿ ಇದ್ರೆ ಸಾಕು. ಆಮೇಲೆ ನೀವು ಇರು ಅಂದ್ರೂ ಇರಲ್ಲ.'

ರಕ್ಷಾ ಅವರ ಮೊಮ್ಮಗಳು, ನಮ್ಮಲ್ಲೇ ಎಂಟನೇ ತರಗತಿ. ಹೇಳುವುದಾದರೆ ಆಗ ಹೇಳಬೇಕಿತ್ತು. ಅದಕ್ಕಿಂತ ಸರಿಯಾದ ಹೊತ್ತು ಇನ್ನೊಂದು ಇರಲಿಲ್ಲ. ನಾನು, 'ಜಗಲಿ ವಿಷಯ ಅಧ್ಯಕ್ಷರ ಕಿವಿಗೆ ಹಾಕ್ತೀನಿ' ಎಂದೆ. ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರಲ್ಲ, ಅದನ್ನು ಅಷ್ಟು ಸಲೀಸಾಗಿ ಮಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಅವರ ಮುಖ ಅರಳಿತು. ನನಗೆ ಕಾಫಿ ಬೇಕಾ ಎಂದೂ ಕೇಳಿದರು.

ಆ ಸಂಜೆ ಪತ್ರ ಬರೆಯಲು ಕೂತಾಗ ಒಂದು ಉಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವಿಷಯವನ್ನು ಪತ್ರದಲ್ಲೇ ಹೇಳಿಬಿಟ್ಟರೆ? ಹೇಳಿದ ಹಾಗೂ ಆಯಿತು, ಮುಖ ನೋಡಿ ಹೇಳುವುದೂ ತಪ್ಪಿತು. ಕೊನೆಯ ಪ್ಯಾರಾದಲ್ಲಿ, 'ಮೂರೂವರೆ ದಶಕಗಳ ಅವಿರತ ಸೇವಾಕೈಂಕರ್ಯದಿಂದ ವಿರಮಿಸಿ ವಿಶ್ರಾಂತ ಜೀವನಕ್ಕೆ ಪದಾರ್ಪಣೆಗೈಯುತ್ತಿರುವ ತಮಗೆ' ಎಂದು ಬರೆದೆ. ತಿಮ್ಮಮ್ಮನವರಿಗೆ ಓದು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಕೇಳಿದರೂ ಈ ಮಾತು ಅರ್ಥವಾಗುವುದಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಅವರನ್ನು ಜೀವಮಾನದಲ್ಲಿ ಮೊದಲ ಸಲ 'ತಾವು' ಎಂದು ಕರೆದದ್ದೂ ಆ ಸಾಲಿನಲ್ಲೇ.

ಶನಿವಾರ ಶಾಮಿಯಾನದ ಕೆಳಗೆ ಜನ ಕಿಕ್ಕಿರಿದಿದ್ದರು. ಬೆಳ್ಳಿಯಪ್ಪನವರು ತಮ್ಮ ಭಾಷಣದಲ್ಲಿ, ತಾವು ಎಂಟನೇ ತರಗತಿಯಲ್ಲಿದ್ದಾಗ ತಮ್ಮ ಮೂಗಿನೊಳಗೇ ಉಂಬಳ ಹೊಕ್ಕಿದ್ದನ್ನೂ, ತಿಮ್ಮಮ್ಮ ಬೋಗುಣಿಯಲ್ಲಿ ನೀರಿಟ್ಟು ಅದರ ಮೇಲೆ ತಮ್ಮ ಮುಖ ಬಗ್ಗಿಸಿ ಅದು ತಾನಾಗಿ ಹೊರಗೆ ಬರುವವರೆಗೆ ಬೆನ್ನು ಸವರಿದ್ದನ್ನೂ ಹೇಳಿ ಎಲ್ಲರನ್ನೂ ನಗಿಸಿದರು. ನಾನು ಮೈಕಿನ ಮುಂದೆ ನಿಂತು ಪತ್ರ ಓದಿದೆ. ಕೊನೆಯ ಪ್ಯಾರಾ ಬಂದಾಗ ದನಿ ಏರಿಸಿದೆ, ಚಪ್ಪಾಳೆ ಬಿತ್ತು. ತಿಮ್ಮಮ್ಮ ಹೊಸ ಸೀರೆಯಲ್ಲಿ, ತಲೆಗೆ ಪೇಟ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಇಷ್ಟು ವರ್ಷದ ಕೆಲಸ ಮೆಚ್ಚಿ ಶಾಲು ಹೊದಿಸುತ್ತಿದ್ದಾರೆ ಎಂಬ ಸಂತೋಷಕ್ಕೆ ಅವರ ಕಣ್ಣು ತುಂಬಿತ್ತು. ವೇದಿಕೆಯಿಂದ ಇಳಿಯುವಾಗ ನನಗೆ ಕೈ ಮುಗಿದರು. ನಾನೂ ಮುಗಿದೆ. ಊಟಕ್ಕೆ ಕೂತಾಗ ಪಾಯಸ ಎರಡು ಸಲ ಹಾಕಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಅವರು ಎಂದಿನಂತೆ ಬಂದು ಬೀಗ ತೆಗೆದು ಹನ್ನೊಂದೂ ಕೋಣೆ ಗುಡಿಸಿದರು. ಹತ್ತೂವರೆಗೆ ಸ್ಟಾಫ್ ರೂಮಿಗೆ ಬಂದರು. ಅಲ್ಲಿ ನಾನು, ರೇವತಿ ಮೇಡಂ, ಇನ್ನಿಬ್ಬರು ಟೀಚರುಗಳು ಇದ್ದೆವು. ಅವರ ಕೈಚೀಲದಲ್ಲಿ ಕಟ್ಟು ಹಾಕಿಸಿದ ಪತ್ರ ಇತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು, ಅವತ್ತು ಗಡಿಬಿಡಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ, ನಿಧಾನವಾಗಿ ಒಂದು ಸಲ ಓದಿ ಅರ್ಥ ಹೇಳಬೇಕು ಎಂದರು.

ಓದಿದೆ. ಒಂದೊಂದು ಸಾಲಿಗೂ ಅರ್ಥ ಹೇಳಿದೆ. ಕೊನೆಯ ಪ್ಯಾರಾ ಬಂತು. ಆ ಸಾಲನ್ನು ಬಿಟ್ಟು, ಅದರ ಮುಂದಿನ 'ಭಗವಂತನು ಆಯುರಾರೋಗ್ಯ ನೀಡಲಿ' ಎಂಬುದನ್ನು ಓದಿ, ದೇವರು ನಿನಗೆ ಒಳ್ಳೆಯದು ಮಾಡಲಿ ಎಂದರ್ಥ ಎಂದು ಮುಗಿಸಿದೆ.

ತಿಮ್ಮಮ್ಮ, 'ಒಂದು ಸಾಲು ಬಿಟ್ರಲ್ಲ ಮೇಷ್ಟ್ರೆ' ಎಂದರು. 'ನಿನ್ನೆ ರಕ್ಷಾ ನಾಕು ಸಲ ಓದಿದ್ಲು. ವಿಶ್ರಾಂತ ಅಂದ್ರೆ ಕೆಲಸ ಬಿಟ್ಟೋರು ಅಂತ ನೀವೇ ಕ್ಲಾಸಲ್ಲಿ ಹೇಳಿಕೊಟ್ಟಿದ್ರಂತೆ. ಹುಡ್ಗಿ ತಪ್ಪು ತಿಳ್ಕೊಂಡಿರ್ಬೋದು, ಮೇಷ್ಟ್ರನ್ನೇ ಕೇಳುವ ಅಂತ ಬಂದೆ. ನೀವು ಬಿಟ್ಟು ಓದಿದ್ ಕೂಡ್ಲೆ ಗೊತ್ತಾಯ್ತು, ನಿಜ ಅಂತ.'

ಬೇರೆ ದಿನವಾಗಿದ್ದರೆ ನನ್ನ ತಪ್ಪು ತೋರಿಸಿದವರ ಮೇಲೆ ಎಗರಿ ಬೀಳುತ್ತಿದ್ದೆ. ಅವತ್ತು ಕುರ್ಚಿಯಿಂದ ಎದ್ದು, 'ಕೂತ್ಕೊಳ್ಳಿ ತಿಮ್ಮಮ್ನೋರೆ' ಎಂದೆ. ಅವರು ಕೂರಲಿಲ್ಲ. ಇದು ಮಂಡಳಿಯ ತೀರ್ಮಾನ, ನನ್ನ ಕೈಯಲ್ಲಿ ಏನೂ ಇರಲಿಲ್ಲ, ಆದರೂ ಅಧ್ಯಕ್ಷರ ಹತ್ತಿರ ಮಾತಾಡುತ್ತೇನೆ ಎಂದು ತೊದಲಿದೆ. ರೇವತಿ ಮೇಡಂ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ಮಾತಾಡುವುದು ಬೇಡ ಎಂದರು ತಿಮ್ಮಮ್ಮ. ಕಳಿಸಿದವರ ಹತ್ತಿರ ಕಾಲು ಹಿಡಿದು ಉಳಿಯುವುದು ಅವರಿಗೆ ಬೇಕಿರಲಿಲ್ಲ. ಭಾನುವಾರ ಹಾಲು ಹಾಕಲು ಡೇರಿಗೆ ಹೋದಾಗ ಎಲ್ಲರೂ, ಮೊಮ್ಮಗಳ ಓದು ಮುಗಿಯುವ ಮೊದಲೇ ಯಾಕೆ ಬಿಟ್ಟೆ, ಕೆಲಸ ಸಾಕಾಯಿತಾ ಎಂದು ಕೇಳಿದರಂತೆ. ಅವರಿಗೆಲ್ಲ ನನ್ನ ಪತ್ರ ಅರ್ಥವಾಗಿತ್ತು, ಇವರೊಬ್ಬರಿಗೇ ಆಗಿರಲಿಲ್ಲ. ಇಡೀ ಊರಿಗೆ ಗೊತ್ತಿದ್ದ ವಿಷಯಕ್ಕೆ ತಾವು ಪೇಟ ಕಟ್ಟಿಸಿಕೊಂಡು ನಗುತ್ತಾ ಕೂತಿದ್ದದ್ದು ಅವರನ್ನು ಹೆಚ್ಚು ಸುಟ್ಟಿತ್ತು.

'ಬಾಯಲ್ಲಿ ಒಂದು ಮಾತು ಹೇಳಿದ್ರೆ ನಾನು ಶಾಲು ಹೊದಿಸ್ಕೊಳ್ತಾನೇ ಇರ್ಲಿಲ್ಲ' ಎಂದರು. 'ಈಗ ಇನ್ನೊಂದು ಕಾಗ್ದ ಬರ್ದು ಕೊಡಿ. ನಾನು ಬಿಟ್ಟಿದ್ದಲ್ಲ, ನೀವು ಬಿಡ್ಸಿದ್ದು ಅಂತ. ನನಗೆ ಅರ್ಥ ಆಗೋ ಹಂಗೆ ಬರೀರಿ.'

ಬಿಳಿ ಹಾಳೆ ತೆಗೆದುಕೊಂಡೆ. ನೂರಾರು ಪತ್ರ ಬರೆದವನಿಗೆ ಮೂರು ಸಾಲು ಬರೆಯಲು ಕಾಲು ಗಂಟೆ ಬೇಕಾಯಿತು. ಎರಡು ಸಲ ಹೊಡೆದು ಹಾಕಿದೆ. 'ತೀರ್ಮಾನಿಸಲಾಯಿತು' ಎಂದು ಬರೆದು, ಯಾರು ತೀರ್ಮಾನಿಸಿದ್ದು ಎಂದು ಅವರು ಕೇಳುತ್ತಾರೆ ಎನ್ನಿಸಿ ಅದನ್ನೂ ಹೊಡೆದೆ. ಕೊನೆಗೆ ಬರೆದದ್ದು ಹೀಗೆ: ತಿಮ್ಮಮ್ಮ ಕೆಲಸ ಬಿಟ್ಟಿಲ್ಲ. ನಾವು ಬಿಡಿಸಿದ್ದೇವೆ. ಅವರಿಗೆ ಹೇಳದೆ ಬಿಡಿಸಿದ್ದೇವೆ. ಕೆಳಗೆ ನನ್ನ ಹೆಸರು ಹಾಕಿದೆ.

ಓದಿ ಎಂದರು. ಓದಿದೆ.

'ಗಟ್ಟಿಯಾಗಿ ಓದಿ ಮೇಷ್ಟ್ರೆ. ಮೊನ್ನೆ ಮೈಕಲ್ಲಿ ಓದಿದ್ರಲ್ಲ, ಹಂಗೆ.'

ಹೊರಗೆ ಜಗಲಿಯಲ್ಲಿ ಮಕ್ಕಳು ನಿಂತಿದ್ದರು, ಅವರ ಮಧ್ಯೆ ರಕ್ಷಾಳೂ ಇದ್ದಳು. ಎದ್ದು ನಿಂತು ಮತ್ತೆ ಓದಿದೆ. ಎರಡನೇ ಸಾಲು ಮುಗಿಸಿ ಹಾಳೆ ಕೆಳಗಿಳಿಸಿದೆ. ತಿಮ್ಮಮ್ಮ ಕಾಯ್ದರು. ಮೂರನೆಯದನ್ನೂ ಓದಿದ ಮೇಲೆ ಕೈ ಚಾಚಿ ಹಾಳೆ ತೆಗೆದುಕೊಂಡು, ಕಟ್ಟು ಹಾಕಿಸಿದ ಪತ್ರವನ್ನು ನನ್ನ ಮೇಜಿನ ಮೇಲೇ ಬಿಟ್ಟು, ಮಕ್ಕಳಿಗೆ ನೀರು ತುಂಬಲು ಹೋದರು.