ಚೀಟಿಯಿಲ್ಲದ ಟೇಪು

ಮೌಂಟನ್ ವ್ಯೂನ ಒಂದು ವಿಡಿಯೋ ಕಂಪನಿಯಲ್ಲಿ ಗಿರಾಕಿಗಳಿಗೆ ಯಂತ್ರ ನಡೆಸಲು ಕಲಿಸುವುದು ನನ್ನ ಕೆಲಸವಾಗಿತ್ತು. ಎಂಬತ್ತರ ದಶಕದ ನಡುವೆ ಆಫ್ರಿಕಾದ ಒಂದು ಬಡ ದೇಶದ ಸರ್ಕಾರಿ ಟೀವಿಯಿಂದ ಇಂಜಿನಿಯರೊಬ್ಬರು ತರಬೇತಿಗೆ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ಊಟಕ್ಕೆ ಮನೆಗೆ ಕರೆದೆ. ಹುಳಿಯನ್ನ ಎರಡು ಸಲ ಹಾಕಿಸಿಕೊಂಡು ತಮ್ಮ ಸ್ಟೇಷನ್ನಿನ ಪಾಡು ಹೇಳಿಕೊಂಡರು.

ಇರುವುದೊಂದೇ ಚಾನೆಲ್ಲು. ಕರೆಂಟಿದ್ದರೆ ಸಂಜೆ ನಾಲ್ಕು ಗಂಟೆ ಕಾರ್ಯಕ್ರಮ. ಹೊಸ ಟೇಪು ತರಿಸಲು ಡಾಲರಿಲ್ಲ, ಹಾಗಾಗಿ ವಾರವಾರವೂ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದು. ಅಧ್ಯಕ್ಷರ ಭಾಷಣವನ್ನು ಮುಟ್ಟುವಂತಿಲ್ಲ; ಹಾಡು, ನಾಟಕ, ಹಳ್ಳಿಯವರ ಕುಣಿತ ಎಲ್ಲ ಗುಡಿಸಿ ಗುಂಡಾಂತರ. ಅಳಿಸುವ ಕರ್ಮ ಇವರದೇ.

ಒಂದು ಟೇಪನ್ನು ಮಾತ್ರ ಪಟ್ಟಿಯಿಂದ ತಪ್ಪಿಸಿ, ಹೆಸರಿನ ಚೀಟಿ ಕಿತ್ತು ಹಾಕಿ, ಕದ್ದು ತಂದಿದ್ದರು. ಅದರಲ್ಲಿ ಅವರ ತಾಯಿ ಧಾನ್ಯ ಕುಟ್ಟುವ ಹಾಡು ಹೇಳಿದ್ದರಂತೆ. ತಾಯಿ ತೀರಿಕೊಂಡು ಆರು ತಿಂಗಳಾಗಿತ್ತು. ಒಂದು ಫೋಟೋ ಕೂಡ ಇರಲಿಲ್ಲ. ಕಾಪಿ ಮಾಡಿಕೊಡುತ್ತೀರಾ ಎಂದು ಕೇಳಿದರು. ಅದಕ್ಕೇನಂತೆ, ಶನಿವಾರ ಮಾಡೋಣ ಎಂದೆ. ಟೇಪನ್ನು ನನ್ನ ಕೈಗೇ ಕೊಟ್ಟರು.

ನನ್ನದು ಹುಟ್ಟಾ ದುಡುಕಿನ ಕೈ. ಬುಧವಾರ, ಟೇಪು ಅಳಿಸುವ ಯಂತ್ರದ ಪಾಠ. ಅವರೂ ಸೇರಿ ಎಂಟು ಜನ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ನನ್ನ ಮೇಜಿನ ಮೇಲೆ ಚೀಟಿಯಿಲ್ಲದ ಟೇಪೊಂದಿತ್ತು. ಖಾಲಿಯದು ಎಂದುಕೊಂಡು ಯಂತ್ರಕ್ಕೆ ಇಟ್ಟು ಗುಂಡಿ ಒತ್ತಿದೆ. ನೋಡಿ, ಹತ್ತೇ ಸೆಕೆಂಡು ಎಂದು ಜಂಬ ಬೇರೆ ಕೊಚ್ಚಿಕೊಂಡೆ.

ಶನಿವಾರ ಇಬ್ಬರೇ ಕೂತು ಟೇಪು ಹಾಕಿದೆವು. ಪರದೆ ತುಂಬ ಬರೀ ಚುಕ್ಕೆ. ಮುಂದಕ್ಕೆ ಓಡಿಸಿದೆ, ಮತ್ತೆ ಚುಕ್ಕೆ. ಆಗ ಬುಧವಾರದ್ದು ನೆನಪಾಯಿತು. ಎಲ್ಲಾದರೂ ಒಂದು ದನಿ ಉಳಿದಿದ್ದೀತೆಂದು ಅವರು ಅರ್ಧ ಗಂಟೆಯ ಟೇಪನ್ನು ಕೊನೆಯವರೆಗೂ ನೋಡಿದರು.

ಆಗಲೇ ಹೇಳಿಬಿಡಬೇಕಿತ್ತು. ಕೆಲಸ ಹೋದರೆ ಗತಿಯೇನು ಎಂದು ಆ ಹೊತ್ತಿನಲ್ಲೂ ಯೋಚಿಸಿದೆನಲ್ಲ, ಥೂ, ನನ್ನ ಜನ್ಮಕ್ಕಿಷ್ಟು!

ಅವರೇ ಮೆಲ್ಲಗೆ ಕೇಳಿದರು: "ಏರ್‌ಪೋರ್ಟಿನ ಎಕ್ಸ್‌ರೇಯಿಂದ ಹೀಗಾಗಿರಬೇಕು, ಅಲ್ವಾ ಸರ್?"

"ಇರಬಹುದು" ಎಂದೆ.

ನನ್ನ ಭುಜ ಮುಟ್ಟಿ, ಖಾಲಿ ಟೇಪನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಎಕ್ಸ್‌ರೇಗೆ ಟೇಪು ಅಳಿಯುವುದಿಲ್ಲ ಎಂದು ಹಿಂದಿನ ವಾರವಷ್ಟೇ ಅವರಿಗೆ ಪಾಠ ಹೇಳಿದ್ದವನು ನಾನೇ.