ಕಪ್ಪೆ ಕಾಲಿಗೆ ಕಟ್ಟಿದ ಕೆಂಪು ನೂಲು

ಗುರುಚರಣ್ ಸಾರ್ ಹೆಸರೆತ್ತಿದರೆ ಕೃಷ್ಣಸ್ವಾಮಿ ಇವತ್ತಿಗೂ ಬಾಯಲ್ಲಿರುವ ಎಲೆ ಅಡಿಕೆ ಉಗಿದೇ ಮಾತಾಡುವುದು. ಕ್ಲಾಸು ತುಂಬ ಹುಡುಗರ ಮುಂದೆ ಆ ಮನುಷ್ಯ ಅಂದ ಮಾತು ಅಂಥದ್ದು. "ಮಗ್ಗದ ಗುಂಡಿಯಿಂದ ಎದ್ದು ಬಂದವನು ನನಗೆ ಎಣಿಕೆ ಹೇಳಿಕೊಡ್ತಾನೆ!" ಬೇರೆ ಯಾರಾದರೂ ಅಂದಿದ್ದರೆ ಅಲ್ಲೇ ಎರಡು ಬಿಗಿದು ಮರೆತುಬಿಡುತ್ತಿದ್ದ. ಅಂದವನು ತಮಿಳುನಾಡಿನ ಸೇಲಂ ಪೇಟೆಯಲ್ಲಿ ತನ್ನ ಹಾಗೇ ಮನೆಯೊಳಗೆ ಕನ್ನಡ ಆಡುವವನು. ಅದೇ ಚುಚ್ಚುವುದು.

ಕೃಷ್ಣಸ್ವಾಮಿ ಸೇಲಂನ ಗುಗೈ ಕೇರಿಯ ನೇಕಾರ. ಐದನೇ ಕ್ಲಾಸಿಗೆ ಪುಸ್ತಕ ಎಸೆದು ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗಕ್ಕಿಳಿದವನು. ಪವರ್‌ಲೂಮ್ ಬಂದು ಕೈಗೆ ಕೆಲಸ ತಪ್ಪಿದಾಗ, ತೊಂಬತ್ತನೇ ಇಸವಿಯಲ್ಲಿ, ಊರಾಚೆಯ ಖಾಸಗಿ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದ. ಗಾಜು ತೊಳೆಯಬೇಕು, ಕಪ್ಪೆ ಹಿಡಿದು ತರಬೇಕು, ಮೈಕ್ರೋಸ್ಕೋಪ್ ಒರೆಸಬೇಕು. ಒರೆಸುತ್ತಾ ಒಂದು ದಿನ ಕಣ್ಣಿಟ್ಟು ನೋಡಿದ. ಈರುಳ್ಳಿಯ ಪೊರೆಯೊಳಗೆ ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲು! ಒಂದೊಂದು ಮನೆಯೂ ಒಂದು ಜೀವಕೋಶ, ಗೋಡೆ ಅಂದರೆ ಕೋಶಭಿತ್ತಿ, ಒಳಗಿನ ಚುಕ್ಕೆ ನ್ಯೂಕ್ಲಿಯಸ್. ಕಪ್ಪೆಯ ಚರ್ಮದ ಕೋಶಕ್ಕೆ ಆ ಗೋಡೆ ಇಲ್ಲ, ತೆಳು ಪೊರೆ ಅಷ್ಟೇ. ಗುರುಚರಣ್ ಸಾರ್ ಪಾಠ ಕೇಳಿ ಕೇಳಿ ಇದೆಲ್ಲ ಅವನಿಗೆ ಬಾಯಿಪಾಠವಾಯಿತು. ಸಾರ್‌ಗೆ ಹೆದರುವ ಹುಡುಗರು ಇವನನ್ನೇ ಕೇಳುತ್ತಿದ್ದರು. ಅದು ಸಾರ್‌ಗೆ ಸಹಿಸಲಾಗುತ್ತಿರಲಿಲ್ಲ.

ಕೆಲಸ ಮಾತ್ರ ಟೆಂಪರರಿ. ತೊಂಬತ್ತಮೂರರ ನವೆಂಬರಿನಲ್ಲಿ, ಮಳೆಗೆ ಕೆರೆ ಕುಂಟೆಗಳೆಲ್ಲ ತುಂಬಿದ್ದಾಗ, ವಿಭಾಗದ ಮುಖ್ಯಸ್ಥ ಗುರುಚರಣ್ ಕರೆದ.

"ಏರ್ಕಾಡ್ ಗುಡ್ಡದ ಬುಡದ ಕುಂಟೆ ಗೊತ್ತಲ್ಲ? ಅಲ್ಲಿ ಕಪ್ಪೆ ಪಾಪುಲೇಷನ್ ಎಷ್ಟು ಅಂತ ನೋಡಬೇಕು. ಸರಿಯಾಗಿ ಮಾಡಿಕೊಡು, ಜೂನ್‌ಗೆ ನಿನ್ನ ಪರ್ಮನೆಂಟ್ ಮಾಡಿಸ್ತೀನಿ."

"ಪಾಪುಲೇಷನ್ನಾ ಸಾರ್? ಕಪ್ಪೆಗೂ ರೇಷನ್ ಕಾರ್ಡ್ ಕೊಡ್ತಾರಾ?"

"ಹಲ್ಲು ಕಿರೀಬೇಡ. ಒಂದು ಜಾಗದಲ್ಲಿರೋ ಒಂದೇ ಜಾತಿ ಜೀವಿಗಳೆಲ್ಲ ಸೇರಿದ್ರೆ ಪಾಪುಲೇಷನ್. ಅಷ್ಟನ್ನೂ ಹಿಡಿಯೋಕಾಗಲ್ಲ. ಅರವತ್ತು ಹಿಡಿದು, ಕಾಲಿಗೆ ಗುರುತು ಕಟ್ಟಿ ಬಿಡೋದು. ಮೂರು ದಿನ ಬಿಟ್ಟು ಮತ್ತೆ ಅರವತ್ತು ಹಿಡಿಯೋದು. ಅದರಲ್ಲಿ ಗುರುತಿನವು ಕಾಲು ಭಾಗ ಇದ್ರೆ, ಕುಂಟೆಯಲ್ಲಿರೋದು ಅರವತ್ತರ ನಾಲ್ಕರಷ್ಟು. ಒಳ್ಳೆ ಕೆಂಪು ನೂಲು ತಗೊಂಡು ಬಾ."

ಕೆಂಪು ನೂಲಿದ್ದದ್ದು ಅಕ್ಕ ಪೊನ್ನಮ್ಮನ ಮನೆಯಲ್ಲಿ. ಮಗ್ಗದ ಮೇಲಿನ ಸೀರೆಯ ಅಂಚಿಗೆಂದು ಒಂದು ಲಡಿ ಮೊಳೆಗೆ ನೇತುಹಾಕಿದ್ದಳು.

"ಕಪ್ಪೆ ಕಾಲಿಗೆ ಗೆಜ್ಜೆ ಕಟ್ತೀಯೇನ್ಲಾ? ನನ್ನ ಅಂಚಿಗೆ ಏನ್ಲಾ ಮಾಡ್ಲಿ?"

"ಕೊಡಕ್ಕ, ನನ್ನ ಕೆಲ್ಸ ಇದ್ರಾಗೆ ಐತೆ. ಅದೇ ಕೆಂಪಿನ ಲಡಿ ಸಾರೇ ತಂದುಕೊಡ್ತಾರಂತೆ."

ಸಾರ್ ಹಾಗೆ ಹೇಳಿದ್ದು ನಿಜ. "ನಿಮ್ಮಕ್ಕನಿಗೆ ಹೇಳು, ವಾರದೊಳಗೆ ನನ್ನ ಕೈಯಾರೆ ಕೊಡ್ತೀನಿ" ಎಂದು ಇಂದುಜಾ ಎಂಬ ವಿದ್ಯಾರ್ಥಿನಿಯ ಎದುರಿಗೇ ಹೇಳಿದ್ದ.

ನೂಲು ಕೈಗೆ ಬಂದರೆ ನೇಕಾರನ ಕೈ ಸುಮ್ಮನಿರುತ್ತದೆಯೇ? ಕೃಷ್ಣಸ್ವಾಮಿ ಅದನ್ನು ಅಕ್ಕಿ ಗಂಜಿಗೆ ಅದ್ದಿ, ಒಣಗಿಸಿ, ತಂತಿಯಂತೆ ಸೆಟೆಸಿಕೊಂಡ. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆ ಕಡಿದರೆ ಹಾಕುವ ಪುಟ್ಟ ಗಂಟನ್ನೇ ಅರವತ್ತು ಕಪ್ಪೆಗೂ ಹಾಕಿ, ತುದಿ ಕತ್ತರಿಸಿ ಕುಂಟೆಗೆ ಬಿಟ್ಟ.

ಮೂರು ದಿನದ ಮೇಲೆ ಮತ್ತೆ ಅರವತ್ತು ಹಿಡಿದು ಲ್ಯಾಬಿಗೆ ತಂದರೆ ನೂಲಿದ್ದದ್ದು ಮೂರರ ಕಾಲಲ್ಲಿ.

"ಇಪ್ಪತ್ತಕ್ಕೆ ಒಂದು! ಸಾವಿರದ ಇನ್ನೂರು ಕಪ್ಪೆ!" ಎಂದು ಗುರುಚರಣ್ ಕುಣಿದಾಡಿ ಪ್ರಿನ್ಸಿಪಾಲರಿಗೆ ಹೇಳಲು ಓಡಿದ.

ಕೃಷ್ಣಸ್ವಾಮಿ ಕಪ್ಪೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಹಾಸಿನಲ್ಲಿ ತಪ್ಪಿದ ಒಂದು ಎಳೆಯನ್ನು ಮಾರು ದೂರದಿಂದ ಹಿಡಿಯುವ ಕಣ್ಣು ಅವನದು. ನೂಲಿಲ್ಲದ ಕೆಲವು ಕಾಲುಗಳ ಮೇಲೆ ಕೂದಲಿನಷ್ಟು ಸಣ್ಣ ಗೆರೆ. ಆಗ ಹೊಳೆಯಿತು. ಮಗ್ಗದಲ್ಲಿ ಎಳೆಯ ಬಿಗಿ ಗಂಟನ್ನು ಹಿಡಿದಿಡುತ್ತದೆ. ಕಪ್ಪೆ ಕಾಲಲ್ಲಿ ಬಿಗಿ ಎಲ್ಲಿಯದು? ಗಂಜಿ ನೀರಲ್ಲಿ ನೆನೆದು ಲೋಳೆಯಾಗಿ ಗಂಟು ಜಾರಿದೆ. ತಪ್ಪು ತನ್ನದೇ.

ಬಾಯಿ ಮುಚ್ಚಿಕೊಂಡಿದ್ದರೆ ಜೂನ್‌ಗೆ ಕೆಲಸ ಕಾಯಂ. ಅರ್ಧ ಗಂಟೆ ಗಾಜು ತೊಳೆಯುತ್ತಾ ನಿಂತ. ಎಳೆ ತಪ್ಪಿದ ಬಟ್ಟೆಯನ್ನು ಮಡಿಸಿ ಮಾರಿದವನಲ್ಲ ಅವನು, ಆಗಲಿಲ್ಲ. ಗೆರೆ ಇದ್ದ ಕಡೆ ಕಪ್ಪೆಗಳು ಕಳಚುವ ತೆಳುಪೊರೆಯನ್ನು ಬಿಡಿಸಿ, ಗಾಜಿಗೆ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟ. ಹಂಚು ಹಾಸಿದಂತೆ ಚಪ್ಪಟೆ ಕೋಶಗಳು, ಒಂದೊಂದರೊಳಗೂ ನ್ಯೂಕ್ಲಿಯಸ್ಸಿನ ಚುಕ್ಕೆ. ಅವುಗಳ ಮೇಲೆ ಅಡ್ಡಕ್ಕೆ ಅಕ್ಕನ ನೂಲು ಬಿಟ್ಟ ಕೆಂಪು ಬಣ್ಣ. ಅಂಥವು ಹನ್ನೆರಡು.

ಗುರುಚರಣ್ ವಾಪಸು ಬಂದಾಗ ಕ್ಲಾಸು ತುಂಬಿತ್ತು.

"ಸಾರ್, ಲೆಕ್ಕ ತಪ್ಪೋಗೈತೆ. ನಾನು ಗಂಜಿ ಆಕಿದ್ದೇ ತಪ್ಪು. ಗುರುತಿನವು ಮೂರಲ್ಲ, ಅದಿನೈದು. ಕಾಲು ಭಾಗ ಆಯ್ತು. ಇನ್ನೂರ ನಲವತ್ತೇ ಕಪ್ಪೆ ಇರೋದು. ನೋಡ್ರಿ ಬೇಕಾದ್ರೆ."

ಗುರುಚರಣ್ ನೋಡಲಿಲ್ಲ. ಇಂದುಜಾ ಬಗ್ಗಿ ನೋಡಿ, "ಆಮಾ ಸಾರ್, ಸೆವಪ್ಪು ಕೋಡು ಇರುಕ್ಕು" ಅಂದಳು. ಹೌದು, ಕೆಂಪು ಗೆರೆ ಇದೆ ಅಂತ. ಸಾವಿರದ ಇನ್ನೂರು ಎಂದು ಪ್ರಿನ್ಸಿಪಾಲರಿಗೆ ಹೇಳಿ ಬಂದವನು ಇನ್ನು ಕೆಳಗಿಳಿಯುವುದು ಹೇಗೆ? ಆಗಲೇ ಅವನು ಮಗ್ಗದ ಗುಂಡಿಯ ಮಾತಂದದ್ದು.

ಕೃಷ್ಣಸ್ವಾಮಿಗೆ ಪಿತ್ತ ನೆತ್ತಿಗೇರಿತು. "ಗುಂಡೀಲಿ ಕುಂತು ಸಾವಿರ ಎಳೆ ಎಣಿಸ್ದೋನು ನಾನು. ನಿಂಗೆ ಅರವತ್ತು ಕಪ್ಪೆ ಎಣಿಸಾಕಾಗ್ಲಿಲ್ಲ. ಕಣ್ಣಿಟ್ಟು ನೋಡಾಕೂ ಮಾನ ಓಯ್ತದಾ?"

"ಹೊರಗೆ ನಡಿಯೋ! ಸ್ಪೆಸಿಮೆನ್ ಹಾಳು ಮಾಡಿದ ಅಂತ ಬರೀತೀನಿ."

"ಬರ್ಕೋ. ಅಕ್ಕನ ಲಡಿ ಮಾತ್ರ ಮರೀಬೇಡ."

ಜೂನ್‌ವರೆಗೂ ಕಾಯಬೇಕಾಗಲಿಲ್ಲ. ಆ ಸಂಜೆಯೇ ಕೆಲಸದಿಂದ ತೆಗೆದರು.

ಮಾರ್ಚಿನಲ್ಲಿ ಕಾಲೇಜಿನ ಪತ್ರಿಕೆ ಬಂತು. ಇಂದುಜಾ ಗುಗೈಗೇ ತಂದು ಓದಿ ಹೇಳಿದಳು. ಗುರುಚರಣರ ಲೇಖನ, ಕುಂಟೆಯಲ್ಲಿ ಇನ್ನೂರ ನಲವತ್ತು ಕಪ್ಪೆ. ಗುರುತು ಜಾರಿದ್ದನ್ನು ಚರ್ಮದ ಕೋಶಗಳಿಂದ "ನಾವು" ಕಂಡುಹಿಡಿದೆವು ಅಂತ. ಕುಂಟೆಯ ಕಾವಲುಗಾರನಿಗೂ ವಂದನೆ ಇತ್ತು. ಕೃಷ್ಣಸ್ವಾಮಿಯ ಹೆಸರಿಲ್ಲ.

ಅವನು ಮತ್ತೆ ಅಕ್ಕನ ಮನೆಯ ಮಗ್ಗಕ್ಕೇ ಕೂತ. ಅವಳ ಸೀರೆ ಕೆಂಪಿಗಾಗಿ ಕಾದೂ ಕಾದೂ ಕೊನೆಗೆ ಹಸಿರು ಅಂಚಿನಲ್ಲಿ ಮುಗಿಯಿತು. ಕೆಂಪಂಚು ಬೇಕೆಂದು ಹೇಳಿ ನೇಯಿಸಿದ್ದವರು ತೆಗೆದುಕೊಳ್ಳದೆ ಹೋದರು.

ತೊಂಬತ್ತೆಂಟರಲ್ಲಿ ಸೇಲಂ ಬಸ್‌ಸ್ಟ್ಯಾಂಡಿನಲ್ಲಿ ಏರ್ಕಾಡ್ ಬಸ್ಸಿನ ಕಿಟಕಿಯ ಪಕ್ಕ ಗುರುಚರಣ್ ಕಂಡ. ಕೃಷ್ಣಸ್ವಾಮಿ ಕಿಟಕಿಗೆ ಗುದ್ದಿ, "ಸಾರ್, ನಮ್ಮಕ್ಕನ ಕೆಂಪು ಲಡಿ!" ಎಂದು ಕೂಗಿದ. ಜನರೆಲ್ಲ ತಿರುಗಿದರು. ಗುರುಚರಣ್ ಕಿಟಕಿಯ ಶಟರ್ ಎಳೆದುಕೊಂಡ. ಬಸ್ಸು ಹೊರಟಿತು.

ಮನೆಗೆ ಬಂದು ಸಾರ್ ಕಂಡ ಸುದ್ದಿ ಹೇಳಿದಾಗ ಪೊನ್ನಮ್ಮ ಲಾಳಿ ಎಸೆಯುತ್ತಲೇ ಕೇಳಿದಳು, "ಸಿಕ್ಕಿದ್ನಾ? ಏನಂದ್ನಲಾ?"

"ಏನೂ ಅನ್ಲಿಲ್ಲ."

"ನೂಲು?"

ಕೃಷ್ಣಸ್ವಾಮಿ ಪಕ್ಕದ ಮಗ್ಗದ ಗುಂಡಿಗಿಳಿದ.