ಇನ್ನೂರ ಹದಿನಾಲ್ಕನೇ ಪುಟ

ನಮ್ಮ ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆಕೆಗಿಂತ ಎರಡು ವರ್ಷ ದೊಡ್ಡವರಾದ ನಿರ್ದೇಶಕರೂ ಹಾಗೇ ಕರೆಯುತ್ತಿದ್ದರು, ಆಕೆ ಅದಕ್ಕೂ "ಹೂಂ" ಅನ್ನುತ್ತಿದ್ದರು. ಕೆಲಸ ಶೀಘ್ರಲಿಪಿ ವರದಿಗಾರ್ತಿ. ಶಾಸನಸಭೆಯಲ್ಲಿ ಸದಸ್ಯರು ಮಾತಾಡುವಾಗ ಅವರ ಮುಂದಿನ ತಗ್ಗಿನಲ್ಲಿ ಮೇಜು ಹಾಕಿಕೊಂಡು ಕೂತು, ಬಾಯಿಂದ ಬಿದ್ದದ್ದನ್ನೆಲ್ಲ ಗೀಟು ಚುಕ್ಕಿಗಳಲ್ಲಿ ಹಿಡಿಯುವುದು. ಒಬ್ಬೊಬ್ಬರಿಗೆ ಹತ್ತು ನಿಮಿಷದ ಸರದಿ. ಅದು ಮುಗಿದ ಕೂಡಲೇ ಪಕ್ಕದವರ ಭುಜ ತಟ್ಟಿ, ಕೆಳಗಿನ ಕೋಣೆಗೆ ಓಡಿ, ಟೈಪು ಮಾಡುವುದು. ಅಕ್ಕನ ಸರದಿಯ ನಂತರ ನನ್ನದು. ಹದಿನೇಳು ವರ್ಷ ಅವರು ನನ್ನ ಭುಜ ತಟ್ಟಿದ್ದಾರೆ. ಮೆತ್ತಗೆ ತಟ್ಟಿದ್ದು ನೆನಪಿಲ್ಲ.

ಸದನದೊಳಗೆ ನಾವು ತುಟಿ ಬಿಚ್ಚುವಂತಿಲ್ಲ. ಸೀನು ಬಂದರೆ ನುಂಗಬೇಕು. ಅದಕ್ಕೇ ಇರಬೇಕು, ಕೆಳಗಿನ ಕೋಣೆಗೆ ಬಂದ ಮೇಲೆ ನಮ್ಮ ನಾಲಿಗೆಗೆ ಲಗಾಮೇ ಇರುತ್ತಿರಲಿಲ್ಲ. ಸದಸ್ಯರಿಗೆಲ್ಲ ಅಡ್ಡಹೆಸರು ಇಟ್ಟಿದ್ದೆವು. ಒಬ್ಬರು 'ನಲ್ಲಿ': ಒಮ್ಮೆ ಬಿಟ್ಟರೆ ನಿಲ್ಲುವುದಿಲ್ಲ. ಇನ್ನೊಬ್ಬರು 'ಕರ್ಚೀಫು': ರಸ್ತೆ ಗುಂಡಿಯ ಮೇಲೆ ಮಾತಾಡುವಾಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಅಕ್ಕ ಮಾತ್ರ ಯಾರಿಗೂ ಹೆಸರಿಡುತ್ತಿರಲಿಲ್ಲ. ನಾವಿಟ್ಟದ್ದನ್ನು ತಿದ್ದುತ್ತಿದ್ದರು ಅಷ್ಟೇ.

ಅವರಿಗೊಬ್ಬ ತಮ್ಮನಿದ್ದ. ಬೀಗ ರಿಪೇರಿ ಮಾಡುವವನು. ಎರಡು ಮಾರು ಅಗಲದ ಅಂಗಡಿ, ಗೋಡೆ ತುಂಬ ಬೀಗದ ಕೈ. ಮದುವೆಯಾಗಿರಲಿಲ್ಲ, ಅಕ್ಕನ ಮನೆಯಲ್ಲೇ ಊಟ. ಒಂದು ಮಧ್ಯಾಹ್ನ ಯಾರೋ ಬಂದು, ಇಂಥ ಮನೆಯ ಬಾಗಿಲು ತೆಗೆದುಕೊಡು ಅಂದ. ಅದು ಅವನ ಮನೆಯಲ್ಲ ಅಂತ ತಮ್ಮನಿಗೆ ಗೊತ್ತಿತ್ತು, ಒಲ್ಲೆ ಅಂದ. ಬಂದವನು ಅಂಗಡಿಯ ಸುತ್ತಿಗೆಯಿಂದಲೇ ಕೊಂದ. ಅಕ್ಕ ಕಟ್ಟಿಕೊಟ್ಟ ಡಬ್ಬಿಯ ಮುಚ್ಚಳ ತೆಗೆದಿತ್ತು, ಊಟ ಹಾಗೇ ಇತ್ತಂತೆ. ಕೊಂದವನಿಗೆ ಗಲ್ಲು ಅಂತ ತೀರ್ಪಾಯಿತು. ಆಮೇಲೆ ಮೇಲ್ಮನವಿ, ದಯಾ ಅರ್ಜಿ ಅಂತ ಫೈಲು ಮೇಜಿಂದ ಮೇಜಿಗೆ ಹೋಗುತ್ತಿತ್ತು, ಅವನು ಜೈಲಿನಲ್ಲಿದ್ದ.

ತಮ್ಮ ಸತ್ತು ಹದಿನಾಲ್ಕು ವರ್ಷವಾದ ಮೇಲೆ ಮರಣದಂಡನೆ ರದ್ದು ಮಾಡುವ ಮಸೂದೆ ಬಂತು. ಮೂರು ದಿನದ ಚರ್ಚೆ. ನಿರ್ದೇಶಕರು ಅಕ್ಕನನ್ನು ಕರೆದು, "ಮೂರು ದಿನ ರಜೆ ತಗೊಂಡುಬಿಡಿ ಅಕ್ಕ. ನಿಮ್ಮ ತಮ್ಮನ ವಿಷಯ ಬಂದೇ ಬರುತ್ತೆ," ಅಂದರು.

"ಬರ್ಲಿ ಸರ್. ಅದಕ್ಕೇ ನಾನಿರ್ಬೇಕು."

ಹೊರಗೆ ಬಂದ ಮೇಲೆ ನನಗೆ ಬಿಡಿಸಿ ಹೇಳಿದರು. "ಅಂಗಡಿ ಹೋಯ್ತು. ಪೇಪರಿನೋರು ಬರೆದಿದ್ದು ರದ್ದಿಗೆ ಹೋಯ್ತು. ಅವನಿಗೆ ಹೆಂಡತಿ ಮಕ್ಕಳು ಇಲ್ಲ, ನಾನು ಹೋದ್ಮೇಲೆ ಅವನ ಹೆಸರು ಹೇಳೋರೂ ಇಲ್ಲ. ನಮ್ಮ ನಡವಳಿ ಪುಸ್ತಕ ಒಂದನ್ನೇ ಯಾರೂ ಎಸೆಯಲ್ಲ ಕಣೋ. ಅದರಲ್ಲಿ ಅವನ ಹೆಸರು ಬಂದ್ರೆ ಸರಿಯಾಗಿ ಬರ್ಲಿ. ನನಗೆ ಅಷ್ಟು ಸಾಕು."

"ಅದಿರ್ಲಿ ಅಕ್ಕ, ಗಲ್ಲು ಇರ್ಬೇಕೋ ಹೋಗ್ಬೇಕೋ? ನೀವೇನಂತೀರಿ?"

"ಬೆಳಿಗ್ಗೆ ಎದ್ದಾಗ ಇರ್ಬೇಕು ಅನ್ಸುತ್ತೆ. ಅಡುಗೆ ಮುಗಿಯೋ ಹೊತ್ತಿಗೆ ಬೇಡ ಅನ್ಸುತ್ತೆ. ಸಂಜೆ ಬಸ್ಸಲ್ಲಿ ಸೀಟು ಸಿಗದೇ ಇದ್ರೆ ಮತ್ತೆ ಇರ್ಬೇಕು ಅನ್ಸುತ್ತೆ," ಅಂದರು ಅಕ್ಕ. ನಗಬೇಕೋ ಬೇಡವೋ ತಿಳಿಯದೆ ನಾನು ಪೆನ್ಸಿಲು ಹೆರೆದೆ.

ಮೊದಲ ದಿನ ಅಂಕಿಅಂಶದಲ್ಲೇ ಕಳೆಯಿತು. ಗಲ್ಲಿಗೆ ಹೆದರಿ ಕೊಲೆ ಕಡಿಮೆಯಾಗಿದೆ ಅಂತ ಒಬ್ಬರು, ಆಗಿಲ್ಲ ಅಂತ ಇನ್ನೊಬ್ಬರು, ಇಬ್ಬರ ಕೈಯಲ್ಲೂ ಒಂದೇ ವರದಿ. ಎರಡನೇ ದಿನ ಊಟದ ಬಿಡುವಿಗೆ ಮುಂಚೆ ಮಸೂದೆಯನ್ನು ವಿರೋಧಿಸಿ ನಲ್ಲಿ ಎದ್ದರು. ಸರದಿ ಅಕ್ಕನದು. ಪಕ್ಕದಲ್ಲಿ ನಾನಿದ್ದೆ. ನಲ್ಲಿಯವರು ಅಕ್ಕನ ತಮ್ಮನ ಹೆಸರು ಹೇಳಿದರು. ಹೆಸರು ಸರಿಯಿತ್ತು. ಆಮೇಲಿನದು ಒಂದೂ ಸರಿಯಿರಲಿಲ್ಲ. ಅವನು ದೊಡ್ಡ ವ್ಯಾಪಾರಿಯಂತೆ, ನಡುರಾತ್ರಿ ಮಲಗಿದ್ದಾಗ ಕೊಂದರಂತೆ. "ಆತನ ಅಕ್ಕನನ್ನು ನಾನೇ ಖುದ್ದಾಗಿ ಭೇಟಿಯಾಗಿದ್ದೇನೆ, ಅಧ್ಯಕ್ಷರೇ! ನನ್ನ ಎರಡೂ ಕೈ ಹಿಡಿದುಕೊಂಡು ಆಕೆ ಹೇಳಿದರು: ಆ ಪಾಪಿ ಉಸಿರಾಡುತ್ತಿರುವವರೆಗೂ ನನ್ನ ಗಂಟಲಲ್ಲಿ ಒಂದು ತುತ್ತು ಇಳಿಯುವುದಿಲ್ಲ!"

ಅಕ್ಕ ಬರೆದುಕೊಂಡರು. ಗೀಟು ನಡುಗಲಿಲ್ಲ, ನಾನು ನೋಡಿದೆ. ಬಿಡುವಿನಲ್ಲಿ ಡಬ್ಬಿ ಪೂರ್ತಿ ಖಾಲಿ ಮಾಡಿ, ನನ್ನ ಡಬ್ಬಿಯಿಂದಲೂ ಸ್ವಲ್ಪ ಹಾಕಿಸಿಕೊಂಡರು.

ಮಧ್ಯಾಹ್ನ ಮಸೂದೆಯ ಪರವಾಗಿ ಕರ್ಚೀಫಿನವರು ಎದ್ದರು. ಈ ಸಲ ಬರೆದವನು ನಾನು. ಅವರ ಬಾಯಲ್ಲಿ ಅಕ್ಕನ ತಮ್ಮ ಬಡ ಕೂಲಿಯಾದ. ಅವರೂ ಅಕ್ಕನನ್ನು ಖುದ್ದಾಗಿ ಭೇಟಿಯಾಗಿದ್ದರು. ಆಕೆ ಜೈಲಿಗೆ ಹೋಗಿ, ಕೊಂದವನ ತಲೆ ಸವರಿ, ನೀನೂ ನನ್ನ ತಮ್ಮನೇ ಅಂದರಂತೆ. ಕರ್ಚೀಫು ಹೊರಗೆ ಬಂತು. ಸದನದಲ್ಲಿ ಮೂರ್ನಾಲ್ಕು ಜನ ಮೂಗು ಸೀಟಿದರು. ನನಗೆ ಮೈಯೆಲ್ಲ ಉರಿದುಹೋಯಿತು, ಎರಡು ಸಲ ಪೆನ್ಸಿಲಿನ ಮೊನೆ ಮುರಿಯಿತು.

ಸಂಜೆ ಐದರಿಂದ ಆರರವರೆಗೆ ಸದಸ್ಯರು ಕೆಳಗಿನ ಕೋಣೆಗೆ ಬಂದು ತಮ್ಮ ಭಾಷಣದ ಪ್ರತಿ ನೋಡಬಹುದು. ಭಾಷೆಯ ತಪ್ಪು ನಾವೇ ತಿದ್ದುತ್ತೇವೆ. ಸಂಗತಿ ಎಷ್ಟೇ ಸುಳ್ಳಾಗಿರಲಿ, ನಾವು ಮುಟ್ಟುವಂತಿಲ್ಲ. ಆಡದ ಮಾತನ್ನು ಸೇರಿಸಲು ಬರುವುದಿಲ್ಲ. ಆಡಿದ ಮಾತು ತಪ್ಪು ಅಂತ ಸದಸ್ಯರೇ ಬರೆದುಕೊಟ್ಟರೆ ತೆಗೆಯಬಹುದು.

ನಲ್ಲಿ ಬಂದರು. ಅಕ್ಕನ ಎದುರಿನ ಕುರ್ಚಿಯಲ್ಲಿ ಕೂತು, ಓದಿ, ತಲೆದೂಗಿದರು. "ಚೆನ್ನಾಗಿ ಬಂದಿದೆಯಮ್ಮ. ಇಲ್ಲಿ, ಆಕೆ ನನ್ನ ಕಾಲಿಗೆ ಬಿದ್ದರು ಅಂತ ಒಂದು ಸೇರಿಸ್ಬಹುದಾ?"

"ಆಡಿದ್ದಷ್ಟೇ ಸರ್."

"ಸರಿ ಸರಿ."

ಅಷ್ಟರಲ್ಲಿ ಕರ್ಚೀಫಿನವರೂ ಬಂದು ಪಕ್ಕದ ಕುರ್ಚಿ ಎಳೆದುಕೊಂಡರು. ಸದನದಲ್ಲಿ ಹಾವು ಮುಂಗುಸಿ, ಇಲ್ಲಿ "ಏನ್ರೀ, ಚೆನ್ನಾಗಿ ಮಾತಾಡಿದ್ರಿ" ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು.

ಅಕ್ಕ ಕನ್ನಡಕ ತೆಗೆದು ಒರೆಸಿದರು. "ಒಂದು ಮಾತು ಕೇಳ್ಲಾ ಸರ್? ಆ ಅಕ್ಕ ನೋಡೋಕೆ ಹೇಗಿದ್ರು?"

"ಎತ್ತರ. ಬಡಕಲು," ಅಂದರು ನಲ್ಲಿ. "ಪಾಪ, ಸೊರಗಿ ಹೋಗಿದ್ರು."

"ಇಲ್ಲ ಇಲ್ಲ, ಗಿಡ್ಡ," ಅಂದರು ಕರ್ಚೀಫು. "ತುಂಬಿದ ಮೈ. ತಾಯಿ ಥರ ಮುಖ."

ಎತ್ತರವೂ ಅಲ್ಲದ ಗಿಡ್ಡವೂ ಅಲ್ಲದ ಅಕ್ಕ ಕನ್ನಡಕ ಹಾಕಿಕೊಂಡರು. "ನಾನೇ ಸರ್ ಅದು."

ನಲ್ಲಿ ನಿಂತುಹೋದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಅವನು ವ್ಯಾಪಾರಿ ಅಲ್ಲ, ಕೂಲೀನೂ ಅಲ್ಲ. ಬೀಗದ ಕೆಲಸ ಮಾಡ್ತಿದ್ದ. ಬೇರೆಯವರ ಮನೆ ಬಾಗಿಲು ತೆಗೆಯಲ್ಲ ಅಂದಿದ್ದಕ್ಕೆ ಸತ್ತ. ಹಗಲು ಹೊತ್ತು. ನಾನು ಗಲ್ಲಿಗೆ ಹಾಕಿ ಅಂತಾನೂ ಅಂದಿಲ್ಲ, ಕ್ಷಮಿಸಿದೀನಿ ಅಂತಾನೂ ಅಂದಿಲ್ಲ. ಹದಿನಾಲ್ಕು ವರ್ಷದಲ್ಲಿ ನನ್ನನ್ನ ಯಾರೂ ಕೇಳೇ ಇಲ್ಲ ಸರ್." ಅಕ್ಕನ ದನಿ ಏರಲಿಲ್ಲ. ಇಬ್ಬರ ಮುಂದೆಯೂ ಒಂದೊಂದು ಹಾಳೆ ಇಟ್ಟರು. "ನಿಮ್ಮ ಭೇಟಿ ತೆಗೀರಿ, ನನ್ನನ್ನ ತೆಗೀರಿ. ಅವನನ್ನ ಮಾತ್ರ ಉಳಿಸಿ. ಹೆಸರು, ಕೆಲಸ, ಅಷ್ಟಿರ್ಲಿ."

ಆದರೆ ಹೊಸದಾಗಿ 'ಬೀಗದ ಕೆಲಸ' ಅಂತ ಸೇರಿಸಲು ನಿಯಮವಿರಲಿಲ್ಲ. ಅದು ಅಕ್ಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹೆಸರೊಂದನ್ನಾದರೂ ಉಳಿಸಬಹುದಿತ್ತು. ಇಬ್ಬರು ಸದಸ್ಯರೂ ಒಂದೇ ಪೆನ್ನಿನಲ್ಲಿ, ಒಬ್ಬರ ಹಾಳೆ ನೋಡಿ ಇನ್ನೊಬ್ಬರು, 'ಸದರಿ ಪ್ರಕರಣದ ಪ್ರಸ್ತಾಪವನ್ನು ಪೂರ್ತಿಯಾಗಿ ಹಿಂಪಡೆದಿದ್ದೇನೆ' ಎಂದು ಬರೆದು ಸಹಿ ಹಾಕಿದರು. ಹೆಸರು ಉಳಿದರೆ ಎಲ್ಲಿ ಯಾರು ತಮ್ಮ ಸುಳ್ಳನ್ನು ಎತ್ತಿ ತೋರಿಸುತ್ತಾರೋ ಅನ್ನುವ ಭಯ. ಬಾಗಿಲ ಹತ್ತಿರ ಕರ್ಚೀಫಿನವರು ಒಮ್ಮೆ ತಿರುಗಿ ನೋಡಿ ಹೋದರು. ಕರ್ಚೀಫು ಜೇಬಿನಲ್ಲೇ ಇತ್ತು.

ಅಕ್ಕ ನಿಯಮದಂತೆ ಎರಡೂ ಪ್ಯಾರಾ ಹೊಡೆದುಹಾಕಿದರು. ಅಡಿಕೋಲು ಇಟ್ಟು, ಹೆಸರಿನ ಮೇಲೂ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತರು. ನಾನು ಬಾಗಿಲು ಹಾಕಿಕೊಂಡು ಹೊರಗೆ ಕಾವಲು ನಿಂತೆ. ಇನ್ನೇನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಮೂರನೇ ದಿನ ಮಸೂದೆಯನ್ನು ಹೆಚ್ಚಿನ ಪರಿಶೀಲನೆಗಾಗಿ ಸಮಿತಿಗೆ ಒಪ್ಪಿಸಲಾಯಿತು. ಸಮಿತಿ ಇನ್ನೂ ಪರಿಶೀಲಿಸುತ್ತಿದೆ. ಕೊಂದವನು ಜೈಲಿನಲ್ಲೇ ಇದ್ದಾನೆ.

ಆರು ತಿಂಗಳ ನಂತರ ಆ ಚರ್ಚೆಯಿದ್ದ ನಡವಳಿ ಸಂಪುಟ ಅಚ್ಚಿಗೆ ಹೊರಟಿತು. ಕೊನೆಯಲ್ಲಿ ಬರುವ ಹೆಸರುಗಳ ಸೂಚಿ ಮಾಡುವುದು ಅಕ್ಕನ ಕೆಲಸ, ಒಂದೊಂದು ಹೆಸರನ್ನೂ ಅದರ ಪುಟದ ಜೊತೆ ತಾಳೆ ನೋಡಿ ಗುರುತು ಹಾಕುವುದು ನನ್ನದು. ಅಷ್ಟೂ ವರ್ಷ ಅಕ್ಕನ ಸೂಚಿಯಲ್ಲಿ ನಾನೊಂದು ತಪ್ಪು ಹಿಡಿದವನಲ್ಲ. ಆವತ್ತು ಒಂದು ಸಾಲಿಗೆ ಬೆರಳು ನಿಂತಿತು. ತಮ್ಮನ ಹೆಸರು. ಪಕ್ಕದಲ್ಲಿ 'ಬೀಗದ ಕೆಲಸಗಾರ, ಪುಟ 214'.

ಪುಟ ತೆಗೆದೆ. ಮೇಲಿಂದ ಕೆಳಗೆ ಓದಿದೆ. ನಲ್ಲಿಯವರ ಭಾಷಣದ ಕೊನೆ, ಅದರ ಕೆಳಗೆ 'ಸದನವನ್ನು ಮಧ್ಯಾಹ್ನದ ಊಟಕ್ಕಾಗಿ ಎರಡು ಗಂಟೆಯವರೆಗೆ ಮುಂದೂಡಲಾಯಿತು'. ಬೇರೇನೂ ಇಲ್ಲ. ಇನ್ನೊಂದು ಸಲ ಓದಿದೆ.

"ಅಕ್ಕಾ, ಇವನು ಈ ಪುಟದಲ್ಲಿ ಇಲ್ಲವಲ್ಲ."

ಅಕ್ಕ ತಲೆಯೆತ್ತಲಿಲ್ಲ. "ಎಷ್ಟು ಸಲ ಹುಡುಕಿದೆ?"

"ಎರಡು ಸಲ."

"ಮುಂದೆ ನೋಡೋರೂ ಎರಡು ಸಲ ಹುಡುಕ್ತಾರೆ," ಅಂದರು ಅಕ್ಕ, "ಹುಡುಕ್ಲಿ ಬಿಡು."

ನಾನು ಹೆಸರಿನ ಮುಂದೆ ಸರಿ ಗುರುತು ಹಾಕಿ ಮುಂದಿನ ಸಾಲಿಗೆ ಹೋದೆ.